ಹಿಂದಿನವಳಿಗೆ ಬೇಕಾದ ಆಯಿಲ್

ನಮ್ಮ ಬೀದಿಯ ಆಯಿಲ್ ಅಂಗಡಿಯ ಮಾವನಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಗಾಡಿಯ ಇಂಜಿನ್ ಕಾಣಿಸುತ್ತದೆ. ಅದರಲ್ಲೂ ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ, ಬರೀ ಗಾಳಿಯಿಂದಲೇ ತಣ್ಣಗಾಗುವ ಬೈಕು ಬಂದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ಆರಿದರೂ ಅವರಿಗೆ ಪರಿವೆಯಿಲ್ಲ. ನಾಡಿ ನೋಡುವ ವೈದ್ಯರಂತೆ ಹಳೇ ಆಯಿಲನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಕಣ್ಣು ಮುಚ್ಚುತ್ತಾರೆ. ತೆಳು ಆಯಿಲ್ ಕೇಳಿದವರಿಂದ "ಅದನ್ನ ಹೊಲಿಗೆ ಮಿಷನ್‌ಗೆ ಬಿಡಪ್ಪ" ಎಂದು ಡಬ್ಬ ಕಿತ್ತುಕೊಳ್ಳುತ್ತಾರೆ. "ಮುಂದಿನ ಸಿಲಿಂಡರ್ ಗಾಳೀನೆಲ್ಲ ತಾನೇ ತಿಂದ್ಬಿಡುತ್ತೆ. ಹಿಂದಿನವಳು ಪಾಪ, ಒಳಗೊಳಗೇ ಬೇಯ್ತಾಳೆ. ಆಯಿಲ್ ಆರಿಸೋದು ಅವಳಿಗೋಸ್ಕರ." ಹಿಂದಿನ ಸಿಲಿಂಡರನ್ನು ಅವರು ಎಂದೂ 'ಅದು' ಎಂದವರಲ್ಲ. ಒಮ್ಮೆ ಅವರ ಅಂಥದೇ ಬೈಕಿನ ಹಿಂದೆ ಕೂತು ಹೋದ ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ವಾಪಸು ಬರಲಿಲ್ಲ. ಮಾವ ಒಬ್ಬರೇ ಬಂದರು. ಆ ಬೈಕು ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈರು ಕುಸಿದು, ಚೈನು ತುಕ್ಕು ಹಿಡಿದು, ಗೋಡೆಗೆ ಒರಗಿ ನಿಂತಿದೆ. ಆದರೂ ಅದರ ಆಯಿಲ್ ಬದಲಿಸುವುದನ್ನು ಮಾವ ತಪ್ಪಿಸಿದವರಲ್ಲ. ಮೊನ್ನೆ ಹಳೇ ಆಯಿಲ್ ಇಳಿಸುವಾಗ ಕೆಳಗೆ ನಾನೇ ತಟ್ಟೆ ಹಿಡಿದಿದ್ದೆ. ಓಡದ ಇಂಜಿನ್ನಿನಿಂದ ಹಾಕಿದಂತೆಯೇ ಜೇನಿನ ಬಣ್ಣದ ಆಯಿಲ್ ಇಳಿಯಬೇಕಿತ್ತು. ಇಳಿದದ್ದು ಕಾಡಿಗೆಯಂಥ ಕಪ್ಪು. ಮುಂದಿನ ಸಿಲಿಂಡರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಹಿಂದಿನದರತ್ತ ಕೈ ಚಾಚಿದೆ. ಬೆರಳಿಗೆ ಝಳ ತಾಕುವಷ್ಟರಲ್ಲಿ ಮಾವ ನನ್ನ ಮಣಿಕಟ್ಟು ಹಿಡಿದರು. "ಮುಟ್ಬೇಡ, ಕೈ ಸುಡುತ್ತೆ" ಎಂದರು ಮೆಲ್ಲಗೆ. "ಈಗಷ್ಟೇ ಬಂದಿದಾಳೆ."