ಪುಟ್ಟಮಲ್ಲಪ್ಪನವರು ತಟ್ಟೆ ಖಾಲಿ ಮಾಡಿದ್ದು

ಮುಳ್ಳೂರಿನ ಪುಟ್ಟಮಲ್ಲಪ್ಪನವರು ಹೆಸರಿಗಷ್ಟೇ ಪುಟ್ಟ. ಮಾತಿಗೆ ನಿಂತರೆ ಮಲ್ಲ. ಕಸುಬು ರೇಷ್ಮೆ. ಹುಳು ನೂಲುವುದು ಮನೆಯಲ್ಲಿ, ಇವರು ಮಾತು ನೂಲುವುದು ಊರೂರಲ್ಲಿ. ಅಣ್ಣತಮ್ಮಂದಿರು ಪಾಲಾಗಬೇಕೆ, ಮುನಿಸಿಕೊಂಡು ತವರು ಸೇರಿದ ಸೊಸೆ ವಾಪಸ್ ಬರಬೇಕೆ, ಕೊಳ್ಳೇಗಾಲದಿಂದ ಯಳಂದೂರಿನ ತನಕ ಜನ ಇವರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ.

ಆ ಭಾನುವಾರ ಮಾತ್ರ ಸ್ವಂತ ಕೆಲಸಕ್ಕೆ ಮೈಸೂರಿನ ಬಸ್ಸು ಹತ್ತಿದ್ದರು. ತೀರಿಕೊಂಡ ತಮ್ಮನ ಮಗಳು ಮಾಲಿನಿ ಕೌದಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮೈಸೂರಿನ ಪರಮೇಶನನ್ನು ಅವಳು ಮೆಚ್ಚಿದ್ದಳು, ಅವನೂ ಅವಳನ್ನು. ತೊಡಕು ಒಂದೇ. ಮದುವೆಯಾದರೂ ಅವಳು ಕೆಲಸ ಬಿಡುವುದಿಲ್ಲ. ಮೈಸೂರಿಗೆ ವರ್ಗ ಸಿಗುವ ತನಕ ಇದ್ದಲ್ಲೇ ಇರುತ್ತಾಳೆ. ಇದನ್ನು ಹುಡುಗನ ತಾಯಿ ದೊಡ್ಡಬಸಮ್ಮನವರಿಗೆ ಹೇಳಬೇಕು. ಹಿಂದಿನ ಸಂಬಂಧದವರಿಗೆ ಮಾಲಿನಿಯೇ ನೇರವಾಗಿ ಹೇಳಿದ್ದಳು. ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದುಹೋಗಿದ್ದರು.

"ಈ ಸಲ ನೀನು ಬಾಯ್ ಬುಡ್ಬ್ಯಾಡ ಕಣವ್ವ," ಎಂದರು ಪುಟ್ಟಮಲ್ಲಪ್ಪ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಮಾಲಿನಿಗೆ. "ಉಂಡಾದ್ಮೇಲೆ ನಾನು ಯೋಳ್ತೀನಿ. ಒಟ್ಟೆ ತುಂಬ್ದೋರು ಜಗಳ ಆಡಾಕಿಲ್ಲ."

"ಮರೀಬೇಡಿ ದೊಡ್ಡಪ್ಪ. ಇದೂ ಹೋದರೆ ನನಗೆ ಇನ್ನೊಂದು ಬೇಡ."

ಪರಮೇಶ ಕರೆದಿದ್ದು ಗಿಜಿಗುಡುವ ರಸ್ತೆಯ ಒಂದು ಸಿಚುವಾನ್ ಹೋಟೆಲಿಗೆ. ಅಡುಗೆ ಚೀನಾದ್ದು, ಬೋರ್ಡು 'ಶುದ್ಧ ಸಸ್ಯಾಹಾರಿ'. ಕೊರಳಲ್ಲಿ ಲಿಂಗವಿದ್ದ ಪುಟ್ಟಮಲ್ಲಪ್ಪ ಬೋರ್ಡನ್ನು ಎರಡು ಸಲ ಓದಿಯೇ ಒಳಗೆ ಕಾಲಿಟ್ಟರು. ಪಕ್ಕದ ಟೇಬಲಿನವರ ಮೊಣಕೈ ತಾಗುವಷ್ಟು ಇಕ್ಕಟ್ಟು; ಜಾಗಕ್ಕೆ ಕಾಯುವವರ ಕಣ್ಣೆಲ್ಲ ತಿನ್ನುವವರ ತಟ್ಟೆಯ ಮೇಲೆ.

ಹುರಿದ ಆಲೂಗಡ್ಡೆ ಬಂತು. ಆಲೂಗಡ್ಡೆಗಿಂತ ಒಣಮೆಣಸಿನಕಾಯಿಯೇ ಹೆಚ್ಚು, ನಡುನಡುವೆ ಬಾಯಿ ಬಿಟ್ಟ ಸಣ್ಣ ಸಣ್ಣ ಕಾಳು. ಅಲ್ಲಿಯ ಪದ್ಧತಿ ಆಲೂಗಡ್ಡೆ ಆರಿಸಿ ತಿಂದು ಮಿಕ್ಕಿದ್ದನ್ನು ಬಿಡುವುದು. ಪುಟ್ಟಮಲ್ಲಪ್ಪನವರ ಪದ್ಧತಿ ಬೇರೆ. ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದಗುಳೂ ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಮಗನ ಪಕ್ಕ ಕೂತಿದ್ದ ದೊಡ್ಡಬಸಮ್ಮ ಮರ್ಯಾದೆಗೆಂದು ಎರಡು ಸೌಟು ಹೆಚ್ಚೇ ಬಡಿಸಿದರು. ಇವರು ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಅಗಿಯತೊಡಗಿದರು.

"ನಿಮ್ಮ ಕಡೆಯೋರಿಗೆ ಖಾರ ಅಂದ್ರೆ ಪ್ರಾಣ ಅಂತಿದ್ರು, ನಿಜ," ಎಂದು ದೊಡ್ಡಬಸಮ್ಮ ಮೆಚ್ಚಿಕೊಂಡರು.

ಮಾಲಿನಿ ಮೇಜಿನ ಕೆಳಗೆ ದೊಡ್ಡಪ್ಪನ ಕಾಲು ತುಳಿದಳು. ಮಾತು ಬೇಗ ಶುರುಮಾಡಿ ಎನ್ನುತ್ತಿದ್ದಾಳೆಂದುಕೊಂಡು ಅವರು ಇನ್ನೂ ಬೇಗ ಬೇಗ ತಿಂದು, ತಟ್ಟೆಗೆ ನೀರು ಸುರಿದು, ಎತ್ತಿ ಕುಡಿದುಬಿಟ್ಟರು.

ಮೊದಲು ತುಟಿ ಜುಮ್ಮೆಂದಿತು. ಆಮೇಲೆ ನಾಲಿಗೆ ತಮ್ಮದಲ್ಲ ಎನ್ನಿಸಿತು. ಬಾಯೊಳಗೆ ಯಾರೋ ಕಂಬಳಿ ತುರುಕಿದ ಹಾಗೆ. ಅವರ ಅಪ್ಪನಿಗೆ ಲಕ್ವ ಹೊಡೆದದ್ದೂ ಹೀಗೆ ಊಟಕ್ಕೆ ಕೂತಾಗಲೇ. ಪುಟ್ಟಮಲ್ಲಪ್ಪ ಬೆವೆತರು.

"ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಟ್ಟುಬಿಡ್ತಾಳೆ ತಾನೆ?" ಎಂದರು ದೊಡ್ಡಬಸಮ್ಮ, ಆಗಲೇ.

ಮಾಲಿನಿ ದೊಡ್ಡಪ್ಪನನ್ನು ನೋಡಿದಳು. ದೊಡ್ಡಪ್ಪ ಬಾಯಿ ತೆರೆದರು, ಮುಚ್ಚಿದರು. ಕಣ್ಣಿಂದ ಧಾರೆ ಧಾರೆ ನೀರು.

"ಅಳಬೇಡಿ ಅಣ್ಣಾರೇ. ಹೆಣ್ಣುಮಗೂನ ಕಳಿಸಿಕೊಡೋದು ಕಷ್ಟವೇ. ಒಪ್ಪಿದ್ರಲ್ಲ, ಅಷ್ಟು ಸಾಕು. ಈ ತಿಂಗಳೇ ರಾಜೀನಾಮೆ ಬರೆದುಕೊಡ್ಲಿ."

ಪುಟ್ಟಮಲ್ಲಪ್ಪ ತಲೆ ಅಲ್ಲಾಡಿಸಿದರು. ಖಾರಕ್ಕೆ ಅದು ಅಡ್ಡಕ್ಕೂ ಆಡಿತು, ಉದ್ದಕ್ಕೂ ಆಡಿತು. ಪರಮೇಶ ತನ್ನ ತಟ್ಟೆಯಲ್ಲಿ ಬಿಟ್ಟ ಮೆಣಸಿನಕಾಯಿ ಗುಡ್ಡೆಯನ್ನೇ ನೋಡುತ್ತಿದ್ದ.

ಮಾಲಿನಿ ಎದ್ದು ದೊಡ್ಡಪ್ಪನ ಗಲ್ಲ ಹಿಡಿದಳು. "ನಗಿ." ಅವರು ಹಲ್ಲು ಬಿಟ್ಟರು. "ಎರಡೂ ಕೈ ಎತ್ತಿ." ತುಂಬಿದ ಹೋಟೆಲಿನಲ್ಲಿ ಪುಟ್ಟಮಲ್ಲಪ್ಪ ಶರಣಾದವರಂತೆ ಕೈ ಎತ್ತಿದರು. ಕಾಯುತ್ತಿದ್ದವರು ಕತ್ತು ಚಾಚಿದರು. ಎರಡು ಕೈಯೂ ಸಮವಾಗಿ ನಿಂತಿದ್ದನ್ನು ಕಂಡು ಅವಳು ಉಸಿರು ಬಿಟ್ಟಳು.

"ಲಕ್ವ ಗಿಕ್ವ ಏನೂ ಅಲ್ಲ, ಆ ಚೀನಾ ಕಾಳಿಗೆ ನಾಲಿಗೆ ಜೋಮು ಹಿಡಿದಿದೆ," ಎಂದು ಅವರ ಮುಖ ಒರೆಸುತ್ತಾ, ದೊಡ್ಡಬಸಮ್ಮನವರತ್ತ ತಿರುಗದೆಯೇ ಹೇಳಿದಳು: "ಅವರು ಒಪ್ಪಿಲ್ಲ ಆಂಟಿ. ನಾನೂ ಒಪ್ಪಿಲ್ಲ. ಕೆಲಸ ಬಿಡಲ್ಲ. ವರ್ಗ ಸಿಗೋವರೆಗೆ ಶನಿವಾರ ಬಂದು ಸೋಮವಾರ ಹೋಗ್ತೀನಿ. ಆಗಲ್ಲ ಅಂದರೆ ಈಗಲೇ ಹೇಳಿಬಿಡಿ."

ದೊಡ್ಡಬಸಮ್ಮ ಕೈಲಿದ್ದ ಚಮಚ ಕೆಳಗಿಟ್ಟರು. ಮಾಲಿನಿಯ ಕೈ ದೊಡ್ಡಪ್ಪನ ಕೆನ್ನೆಯ ಮೇಲೆಯೇ ನಿಂತಿತು.

"ನಿಂಗೆ ಗೊತ್ತಿತ್ತೇನೋ?" ಎಂದರು ಮಗನಿಗೆ.

"ಗೊತ್ತಿತ್ತಮ್ಮ. ನಂದೂ ಒಪ್ಪಿಗೆ ಇದೆ. ಊಟ ಆದ್ಮೇಲೆ ಅವರು ಹೇಳ್ತಾರೆ ಅಂತ..."

"ಅವರು ಹೇಳ್ಲಿ ಅಂತ ನೀನು, ಊಟ ಆಗ್ಲಿ ಅಂತ ಅವರು. ಇಬ್ಬರು ಗಂಡಸರನ್ನ ಕೂರಿಸಿಕೊಂಡು ಆ ಹುಡುಗಿ ಒಬ್ಬಳೇ ಹೇಳಬೇಕಾಯ್ತು." ಅವರು ಮಾಲಿನಿಯ ಕಡೆ ತಿರುಗಿದರು. "ಶನಿವಾರ ಎಷ್ಟೊತ್ತಿಗೆ ಬರ್ತೀಯವ್ವ?"

"ಸಂಜೆ ಬಸ್ಸಿಗೆ."

"ಅಡುಗೆ ಮಾಡಿಟ್ಟಿರ್ತೀನಿ. ವರ್ಗಕ್ಕೆ ಮಾತ್ರ ನಾಳೆಯೇ ಅರ್ಜಿ ಹಾಕು."

ಪುಟ್ಟಮಲ್ಲಪ್ಪನವರಿಗೆ ಏನೋ ಹೇಳಬೇಕೆನ್ನಿಸಿತು. ಬಾಯಿ ತೆರೆದರು. ಮಾಲಿನಿ ಅಷ್ಟರಲ್ಲಿ ತರಿಸಿದ್ದ ಮಜ್ಜಿಗೆ ಲೋಟ ತುಟಿಗೇ ಹಿಡಿದಳು.

"ಸುಮ್ಮನೆ ಕುಡೀರಿ ದೊಡ್ಡಪ್ಪ."