ನಾಯಿಪದಗಳ ಹಿಂಬದಿ

ಕಳೆದ ವಾರ ಒಂದು ಪಾರ್ಸೆಲ್ ಬಂತು. ಪಿಂಗಾಣಿ ಲೋಟಗಳು ಒಡೆಯದಿರಲೆಂದು ಡಬ್ಬದ ತುಂಬ ಕಾಗದದ ಎಳೆಗಳನ್ನು ತುರುಕಿದ್ದರು. ಯಾವುದೋ ಕಚೇರಿಯ ಕಾಗದಗಳನ್ನು ಯಂತ್ರಕ್ಕೆ ಕೊಟ್ಟು ಸೀಳಿದ್ದು. ಲೋಟ ತೆಗೆದಿಟ್ಟು ಎಳೆಗಳನ್ನು ಬಿಸಾಡಿದ್ದರೆ ಮುಗಿಯುತ್ತಿತ್ತು. ನಾನು ನೆಲದ ಮೇಲೆ ಕೂತು ಒಂದರ ಪಕ್ಕ ಒಂದಿಟ್ಟು ಓದಲು ನೋಡಿದೆ. ಅರ್ಧ ಅಕ್ಷರ, ಕಾಲು ಅಂಕಿ... ಎದ್ದು ಕಾಫಿ ಮಾಡಿದೆ, ಕುಡಿಯಲಿಲ್ಲ. ಮತ್ತೆ ಬಂದು ಕೂತೆ. ಉಳ್ಳೂರಿನ ಮೇಷ್ಟ್ರು ನೆನಪಾದರೆ ನನಗೆ ಹೀಗೇ ಆಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ.

ಎರಡು ಸಾವಿರದ ಐದೋ ಆರೋ ಇಸವಿ. ನಾನು ತಿರುವನಂತಪುರದ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ಕೈಪಿಡಿಗಳನ್ನು ಬರೆಯುವ, ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸದಲ್ಲಿದ್ದೆ. ಉಳ್ಳೂರಿನಲ್ಲಿ ಮಹಡಿಯ ಕೋಣೆ. ಕೆಳಗಿನ ಮನೆಗೆ ಕಾಸರಗೋಡು ಕಡೆಯ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಹೆಂಡತಿಯೊಂದಿಗೆ ಬಂದರು. ಅವರ ಹೆಂಡತಿಗೆ ಚಿಕಿತ್ಸೆ ನಡೆಯುತ್ತಿತ್ತು, ಆಸ್ಪತ್ರೆ ಹತ್ತಿರ. ಮನೆಯ ಮಾಲಕಿ ಅವರನ್ನು ಮಾಷ್ ಎನ್ನುತ್ತಿದ್ದರು, ಮೈಸೂರಿನವಳಾದ ನಾನು ಮೇಷ್ಟ್ರೇ ಎನ್ನುತ್ತಿದ್ದೆ. ಹೆಂಡತಿಯನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಇಡೀ ಬೀದಿಯಲ್ಲಿ ನನ್ನ ಕನ್ನಡಕ್ಕೆ ಕಿವಿಯಾಗಿದ್ದವರು ಅವರಿಬ್ಬರೇ.

ಅಮ್ಮನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಊರಲ್ಲಿ ಸಾಕಿದ ನಾಯಿಯನ್ನು ನೆರೆಮನೆಗೆ ಒಪ್ಪಿಸಿ ಬಂದಿದ್ದರಂತೆ, ಅದರ ಹಂಬಲ ಬೇರೆ. ಕಿಟಕಿಯಿಂದ ಕಾಣುವ ಬೀದಿನಾಯಿಗಳನ್ನೇ ನೋಡುತ್ತ ಮಲಗಿರುತ್ತಿದ್ದರು. ಹೊತ್ತು ಹೋಗಲೆಂದು ಮೇಷ್ಟ್ರು ಒಂದು ಆಟ ಹೂಡಿದರು. ನಾಯಿಯ ಗುಣ ಹೇಳುವ ಇಂಗ್ಲಿಷ್ ಪದಗಳನ್ನು ದಿನಕ್ಕೊಂದರಂತೆ ಹುಡುಕಿ, ಚೀಟಿಯಲ್ಲಿ ಬರೆದು, ಅಮ್ಮನಿಗೆ ವಿವರಿಸುವುದು. ಇಂಗ್ಲಿಷಿನ ಗಂಧಗಾಳಿ ಇಲ್ಲದ ಅಮ್ಮ ಕಣ್ಣು ಮುಚ್ಚಿ ಕೇಳುವರು.

ಮೆಟ್ಟಿಲು ಇಳಿಯುವಾಗ ನನಗೂ ಪಾಠ ಕಿವಿಗೆ ಬೀಳುತ್ತಿತ್ತು. ಹಿಡಿದದ್ದನ್ನು ಬಿಡದವರಿಗೆ ಹೇಳುವ 'ಡಾಗಿಡ್' ಮೊದಲು ಬರೀ ಬೈಗುಳವಾಗಿತ್ತಂತೆ, ಸಿಡುಕ, ಕೇಡಿಗ ಎಂಬ ಅರ್ಥದಲ್ಲಿ. ಹೊಗಳಿಕೆಯಾಗಲು ಅದಕ್ಕೆ ನೂರಾರು ವರ್ಷ ಬೇಕಾಯಿತು. ತಪ್ಪಿತಸ್ಥನ ಜೋಲುಮುಖಕ್ಕೆ 'ಹ್ಯಾಂಗ್‌ಡಾಗ್'. ಒಂದು ಕಾಲದಲ್ಲಿ ಅಲ್ಲಿ ನಾಯಿಯನ್ನೂ ಗಲ್ಲಿಗೆ ಹಾಕುತ್ತಿದ್ದರಂತೆ. 'ಕರಿಶ್' ಎಂದರೆ ಕಂತ್ರಿನಾಯಿಯ ಬುದ್ಧಿಯವನು, ಅದರ ಮೂಲದಲ್ಲಿ ಗುರುಗುಟ್ಟುವ ಸದ್ದೇ ಇರಬಹುದು ಎಂದು ಊಹೆ. 'ಕೇನೈನ್' ಲ್ಯಾಟಿನಿನಿಂದ ಬಂದದ್ದು, ನಮ್ಮ ಶ್ವಾನಕ್ಕೆ ದೂರದ ದಾಯಾದಿ. ಯಾರನ್ನೂ ನಂಬದ 'ಸಿನಿಕ' ಕೂಡ ಗ್ರೀಕರ ನಾಯಿಯಿಂದ ಹುಟ್ಟಿದವನು, ನಾಚಿಕೆ ಬಿಟ್ಟು ಬೀದಿಯಲ್ಲಿ ಬದುಕುತ್ತಿದ್ದ ಕೆಲವು ಜ್ಞಾನಿಗಳಿಗೆ ಜನ ಇಟ್ಟ ಹೆಸರು. ಹೆಚ್ಚಿನವು ಬೈಗುಳವೇ ಆದ್ದರಿಂದ ಅಮ್ಮನಿಗೆ ಸಿಟ್ಟು ಬರುತ್ತಿತ್ತು. ನಮ್ಮಲ್ಲೂ ನಾಯಿಪಾಡು ಎನ್ನುತ್ತೇವಲ್ಲ ಎಂದು ಮೇಷ್ಟ್ರು ಸಮಾಧಾನ ಮಾಡುತ್ತಿದ್ದರು. ನಾನು ಅಷ್ಟು ಕೇಳಿಸಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಅಮ್ಮ ಏನು ಉತ್ತರ ಕೊಡುತ್ತಿದ್ದರೋ ನಿಂತು ಕೇಳಿದವಳಲ್ಲ. ಆಗ ನನಗೆ ಎಲ್ಲದಕ್ಕೂ ಆತುರ.

ಓಣಂ ಕಳೆದ ವಾರ ಅಮ್ಮ ತೀರಿಕೊಂಡರು.

ಹದಿನೈದು ದಿನಗಳ ನಂತರ ಮೇಷ್ಟ್ರು ಒಂದು ಎಕ್ಸ್‌ರೇ ಲಕೋಟೆ ಹಿಡಿದು ಮಹಡಿ ಹತ್ತಿ ಬಂದರು. ಒಳಗೆ ಆ ಚೀಟಿಗಳು, ಮೂವತ್ತಕ್ಕೂ ಹೆಚ್ಚು. ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯಲು ಬರುತ್ತದಲ್ಲ, ಎಲ್ಲವನ್ನೂ ಸರಿಯಾಗಿ ಇಳಿಸಿ ಕೊಡುತ್ತೀಯಾ ಎಂದು ಕೇಳಿದರು. ಪೆನ್ಸಿಲ್ ಮಾಸಿಹೋಗುತ್ತದೆ, ಅದೇ ಹೆದರಿಕೆ ಎಂದರು. ಆ ತಿಂಗಳ ಕೊನೆಗೆ ನನಗೆ ಕೊಚ್ಚಿಗೆ ವರ್ಗವಾಗಿತ್ತು. ಆಗಲಿ ಎಂದೆ.

ಮೇಷ್ಟ್ರದೊಂದು ಅಭ್ಯಾಸ ಹೇಳಬೇಕು. ಹೊಸ ಹಾಳೆ ಮುಟ್ಟುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಆಸ್ಪತ್ರೆಯ ಸೂಚನಾಪತ್ರ, ಹೀಗೆ ಒಂದು ಬದಿ ಅಚ್ಚಾದ ಕಾಗದವನ್ನು ಕತ್ತರಿಸಿ ಖಾಲಿ ಬದಿಯಲ್ಲಿ ಬರೆಯುವವರು. ಅವರು ಕೊಡುತ್ತಿದ್ದ ಸಾಮಾನಿನ ಪಟ್ಟಿಯ ಹಿಂದೆಯೂ ವ್ಯಾಕರಣದ ಪ್ರಶ್ನೆಗಳಿರುತ್ತಿದ್ದವು. ಹಾಗಾಗಿ ನಾನು ಚೀಟಿ ಮಗುಚಿ ನೋಡಲೇ ಇಲ್ಲ. ಮೂರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮುಂಬದಿಯನ್ನೆಲ್ಲ ಟೈಪ್ ಮಾಡಿದೆ, ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿದೆ. ನಮ್ಮ ಕಂಪನಿಯಲ್ಲಿ ಮನೆಗೆ ಹೊರಡುವಾಗ ಮೇಜಿನ ಮೇಲೆ ಒಂದು ಚೂರು ಕಾಗದವೂ ಉಳಿಯಬಾರದೆಂಬ ನಿಯಮವಿತ್ತು. ಕೆಲಸ ಮುಗಿದ ಕಾಗದವೆಲ್ಲ ಪ್ರಿಂಟರ್ ಪಕ್ಕದ ಸೀಳುವ ಯಂತ್ರಕ್ಕೆ. ಕೈಗೆ ಅದೆಷ್ಟು ರೂಢಿಯಾಗಿತ್ತೆಂದರೆ, ದಿನದಿನದ ಚೀಟಿಗಳನ್ನು ಅಂದಂದೇ ಯಂತ್ರಕ್ಕೆ ಕೊಟ್ಟೆ.

ಹಾಳೆಗಳನ್ನು ಕೊಟ್ಟಾಗ ಮೇಷ್ಟ್ರು ಕನ್ನಡಕ ಏರಿಸಿ ಮೊದಲ ಪುಟ ನೋಡಿದರು. ಮಗುಚಿದರು. ಖಾಲಿ. ಎರಡನೆಯದು ಮಗುಚಿದರು. ಮೂರನೆಯದು... ಹಿಂದೆ ಬರೆದದ್ದು ಎಲ್ಲಿ ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಅವರೇ ಹೇಳಿದರು. ಪ್ರತಿ ಪದದ ಪಾಠವಾದ ಮೇಲೆ ಅಮ್ಮ ಅದಕ್ಕೆ ಏನು ಹೇಳಿದರೋ ಅದನ್ನು ಚೀಟಿಯ ಹಿಂಬದಿಗೆ, ಅಚ್ಚಿನ ಸಾಲುಗಳ ನಡುವೆ ಪೆನ್ಸಿಲಿನಲ್ಲಿ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿಟ್ಟಿದ್ದರು. ಮುಂಬದಿಯದು ಯಾವ ನಿಘಂಟಿನಲ್ಲೂ ಸಿಗುತ್ತಿತ್ತು. ಚೀಟಿಗಳು ಏನಾದವು ಎಂದು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಕಚೇರಿಗೆ ಓಡಿದೆ. ಯಂತ್ರದ ಡಬ್ಬ ಖಾಲಿಯಾಗಿತ್ತು.

ಮುಂದಿನ ಹತ್ತು ದಿನ ಮೇಷ್ಟ್ರು ದಿನವೂ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದರು. ಟೈಪ್ ಮಾಡುವಾಗ ಯಾವುದಾದರೂ ಒಂದು ಕಣ್ಣಿಗೆ ಬಿದ್ದಿತ್ತೇ ಎಂದು ಕೇಳುವರು. ನಾನು ಇಲ್ಲವೆಂದು ತಲೆಯಾಡಿಸಿ ದಾಟಿ ಹೋಗುವೆ. ನಾಲ್ಕೈದು ಅವರಿಗೆ ನೆನಪಿದ್ದವು. ಸಿನಿಕನ ಪಾಠ ಕೇಳಿ ಅಮ್ಮ ಅಂದದ್ದನ್ನು ಒಮ್ಮೆ ನನಗೆ ಹೇಳಿದರು: "ನಂಬಿಕೆ ಇಲ್ಲದಿದ್ರೆ ಅದು ರೋಡಿನ ನಡುವಲ್ಲಿ ಮಲಗ್ತದಾ ಮಾರಾಯ್ರೆ?" ಹೇಳಿ ನಕ್ಕರು. ನಗು ನಿಂತ ಮೇಲೆ ಮತ್ತೆ ಅದೇ ಪ್ರಶ್ನೆ. ಉಳಿದವು ಒಂದೂ ನೆನಪಾಗುತ್ತಿಲ್ಲವಲ್ಲ, ಬರೆದಿಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಮರೆತೆ ಎಂದು ಅಂಗೈ ಉಜ್ಜಿಕೊಳ್ಳುವರು.

ನನಗೆ ತಡೆಯಲಾಗಲಿಲ್ಲ. ಕೊಚ್ಚಿಗೆ ಹೊರಡುವ ಹಿಂದಿನ ದಿನ ಸುಳ್ಳು ಹೇಳಿದೆ. 'ಡಾಗಿಡ್' ಚೀಟಿಯ ಹಿಂದೆ ಒಂದು ಸಾಲು ನೋಡಿದ ನೆನಪು, ಹಿಡಿದದ್ದನ್ನು ಬಿಡದಿರುವುದು ಹಟವಲ್ಲ, ಪ್ರೀತಿ ಅಂತ ಇತ್ತು ಎಂದೆ. ರಾತ್ರಿಯೆಲ್ಲ ಹೊರಳಾಡಿ ಹೊಸೆದ ಮಾತದು. ಹೇಳುವಾಗ ನನಗೇ ನಿಜ ಅನ್ನಿಸಿತು.

ಮೇಷ್ಟ್ರು ನನ್ನ ಮುಖ ನೋಡಿದರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ನೋಡಿದ ಕಣ್ಣು.

"ಇದು ನಿನ್ನದು," ಎಂದರು. "ಒಳ್ಳೆದುಂಟು. ಆದ್ರೆ ಅವಳದ್ದಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಇನ್ನು ಹೇಳ್ಬೇಡ ಮಾರಾಯ್ತಿ. ನಿನ್ನದು ಕೇಳಿ ಕೇಳಿ, ಇರುವ ನಾಲ್ಕು ಅವಳದ್ದೂ ನನಗೆ ಮರೆತು ಹೋದೀತು."

ಮರುದಿನ ಬೆಳಿಗ್ಗೆ ಅವರು ಮೆಟ್ಟಿಲ ಬುಡದಲ್ಲಿ ಇರಲಿಲ್ಲ. ಬಾಗಿಲು ತಟ್ಟಿ ತಪ್ಪಾಯಿತು ಎನ್ನಬೇಕಿತ್ತು, ರೈಲಿಗೆ ಹೊತ್ತಾಯಿತೆಂದು ನೆಪ ಮಾಡಿಕೊಂಡೆ. ಕೊಚ್ಚಿಯ ಪಾಲಾರಿವಟ್ಟಂನ ಹೊಸ ಕಚೇರಿಯಲ್ಲಿದ್ದಾಗ ಪತ್ರ ಬರೆಯಲು ಎಷ್ಟು ಸಲ ಕೂತೆನೋ... ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಮೂರನೇ ವರ್ಷ ಉಳ್ಳೂರಿನ ಮಾಲಕಿ ಫೋನ್ ಮಾಡಿ, "ಮಾಷ್ ಪೋಯಿ, ಮೋಳೇ," ಎಂದರು. ಮೇಷ್ಟ್ರು ಹೋದರು ಮಗಳೇ ಎಂದು. ಊರಿಗೆ ಮರಳಿದ ಮೇಲೆ ತೀರಿಕೊಂಡರಂತೆ.

ಈಗ ನನಗೂ ವಯಸ್ಸಾಗುತ್ತಿದೆ. ಬೀದಿಯಲ್ಲಿ ನಾಯಿ ಕಂಡಾಗ ಅಮ್ಮನ ಮಾತುಗಳು ಒಂದರ ಹಿಂದೊಂದು ತಲೆಗೆ ಬರುತ್ತವೆ, ಅವರದೇ ದನಿಯಲ್ಲಿ, ಅವರದೇ ರಾಗದಲ್ಲಿ. ನಾನು ಅವರ ಬಾಯಿಂದ ಒಂದನ್ನೂ ಕೇಳಿದವಳಲ್ಲ. ಇದು ಅವಳದ್ದಲ್ಲ ಎಂದು ಹೇಳಬಲ್ಲವರು ಒಬ್ಬರೇ ಇದ್ದರು.