ಮಹಡಿಯವರ ಬಟ್ಟಲು

ವಯಸ್ಸಾದಂತೆ ಸಿಟ್ಟು ತಣ್ಣಗಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನದು ತಣ್ಣಗಾಗಿಲ್ಲ. ವಿಶಾಖಪಟ್ಟಣ ಬಿಟ್ಟು ಇಷ್ಟು ವರ್ಷವಾದರೂ ಮೇಲಿನ ಮನೆಯವರ ಆ ಸ್ಟೀಲಿನ ಬಟ್ಟಲು ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗಂಡ ಬಂದರಿನಲ್ಲಿ ಎಂಜಿನಿಯರ್, ನಾನು ದ್ವಾರಕಾ ನಗರದ ಒಂದು ಬ್ಯಾಂಕಿನಲ್ಲಿ ಕ್ಲರ್ಕ್. ಬಂದರಿನ ಕ್ವಾರ್ಟರ್ಸ್‌ನಲ್ಲಿ ಕೆಳಗಿನ ಮನೆ ನಮ್ಮದು. ಮೇಲಿನ ಮನೆಯಾಕೆ ಮೈಸೂರಿನವರು, ವಿಜಯವಾಡದ ತೆಲುಗು ಮನೆತನದ ಸೊಸೆ. ನಾನು ಧಾರವಾಡದವಳು. ಆ ಕಟ್ಟಡದಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ನಮ್ಮೆರಡು ಮನೆಗಳಲ್ಲಿ ಮಾತ್ರ. ಹೀಗಾಗಿ ಪಾತ್ರೆಗಳು ದಿನವೂ ಮೆಟ್ಟಿಲು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಅವರ ಪುಳಿಯೋಗರೆ ಬಂದ ಡಬ್ಬಿಯಲ್ಲಿ ನನ್ನ ಶೇಂಗಾ ಹೋಳಿಗೆ ಹೋಗುತ್ತಿತ್ತು. ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸಬಾರದು ಎಂಬುದನ್ನು ಇಬ್ಬರೂ ತವರಿನಲ್ಲೇ ಕಲಿತಿದ್ದೆವು. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದೆವು.

ಇಬ್ಬರಿಗೂ ಬೆಕ್ಕಿನ ಹುಚ್ಚು. ಅವರದು ಹೈದರಾಬಾದಿನಿಂದ ತರಿಸಿದ ಬಿಳಿಯ ಪರ್ಷಿಯನ್. ನನ್ನದು ಬಂದರಿನ ಗೋದಾಮಿನಲ್ಲಿ ಹುಟ್ಟಿದ, ಕಂದು ಪಟ್ಟೆಯ ಪೋಲಿ. ಹೆಸರಿಡಲಿಲ್ಲ, ಬಾ ಅಂದರೆ ಬರುತ್ತಿತ್ತು. ಉಳ್ಳಾಗಡ್ಡಿ ಹೆಚ್ಚುವುದಕ್ಕೂ ವಾರ ನೋಡುವ ಮನೆಯಲ್ಲಿ ಹುಟ್ಟಿದ ನಾನು ಅದಕ್ಕಾಗಿ ಹಿಂದಿನ ವರಾಂಡದಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೀನು ಬೇಯಿಸುತ್ತಿದ್ದೆ. ಗಂಡ ಪೇಪರ್ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮೇಲಿನವರು ನಾದಿನಿಯ ಮಗಳ ಮದುವೆಗೆಂದು ವಿಜಯವಾಡಕ್ಕೆ ಹೊರಟರು. ಬಿಳಿ ಬೆಕ್ಕನ್ನೂ ಅದರ ಊಟದ ಬಟ್ಟಲನ್ನೂ ನಮ್ಮಲ್ಲಿ ತಂದುಬಿಟ್ಟರು. ಬಟ್ಟಲಿನ ಅಂಚಿನಲ್ಲಿ ಅವರ ಅತ್ತೆಯ ಹೆಸರು ತೆಲುಗಿನಲ್ಲಿ ಕೆತ್ತಿತ್ತು. ಬೆಕ್ಕನ್ನು ಎತ್ತಿಕೊಂಡರೆ ಕೂದಲಿನ ಒಳಗೆ ಬರೀ ಎಲುಬು.

“ಇದ್ಯಾಕ್ರಿ, ಇಷ್ಟ ಸಣ್ಣಗ ಆಗೇದ?” ಎಂದೆ.

“ಏನೂ ಇಲ್ಲ ರೀ, ಬಿಸಿಲಿಗೆ ಹಾಗಾಗಿದೆ. ನಿಮ್ಮ ಹತ್ರ ಇದ್ರೆ ನಂಗೆ ಯೋಚನೇನೇ ಇಲ್ಲ,” ಎಂದರು.

ಆ ಮಾತಿಗೆ ನಾನು ಉಬ್ಬಿಹೋದೆ. ಎರಡೂ ಬೆಕ್ಕುಗಳು ಮೊದಮೊದಲು ಮೈ ಉಬ್ಬಿಸಿಕೊಂಡು ಗುರುಗುಟ್ಟಿದವು. ಆಮೇಲೆ ಒಂದೇ ಬಟ್ಟಲಿಗೆ ಬಾಯಿ ಹಾಕಿದವು, ಒಂದರ ಕಿವಿಯನ್ನು ಇನ್ನೊಂದು ನೆಕ್ಕಿತು. ನಾನು ಗಂಡನನ್ನು ಕರೆದು ತೋರಿಸಿ ಸಂಭ್ರಮಪಟ್ಟೆ. ಮದುವೆ ಮುಗಿಸಿ ಬಂದ ಆಕೆ ಬೆಕ್ಕನ್ನು ಒಯ್ದರು, ಬಟ್ಟಲು ನಮ್ಮಲ್ಲೇ ಉಳಿಯಿತು. ಮಳೆಗಾಲ ಕಳೆಯುವುದರೊಳಗೆ ಬಿಳಿ ಬೆಕ್ಕು ಸತ್ತಿತು. ಹೊರಗೆ ಏನೋ ತಿಂದುಬಿಟ್ಟಿತು ಎಂದರು. ನಾನು ಪಕ್ಕದಲ್ಲಿ ಕೂತು ಅವರಿಗಿಂತ ಹೆಚ್ಚು ಅತ್ತೆ. ಆ ದಿನದ ಅಡುಗೆಯನ್ನೂ ನಮ್ಮ ಮನೆಯಿಂದಲೇ ಕಳಿಸಿದೆ.

ಮರುವರ್ಷ ನನ್ನ ಬೆಕ್ಕು ಮೀನು ಕಂಡರೆ ಮುಖ ತಿರುಗಿಸತೊಡಗಿತು. ಜ್ವರ ಬರುತ್ತಿತ್ತು, ಬಿಡುತ್ತಿತ್ತು. ಬಾಯಿ ತುಂಬ ಹುಣ್ಣು. ವಸಡು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಊರಿನ ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಕೊಟ್ಟು ಕೈಚೆಲ್ಲಿದರು. ಗನ್ನವರಂನಲ್ಲಿ ಬೆಕ್ಕುಗಳನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ, ಅವರಿಗೆ ತೋರಿಸಿ ಎಂದರು. ರಜೆ ಹಾಕಿ, ತರಕಾರಿ ಬುಟ್ಟಿಯಲ್ಲಿ ಟವೆಲ್ ಹಾಸಿ, ಬೆಕ್ಕನ್ನು ಮಲಗಿಸಿಕೊಂಡು ವಿಜಯವಾಡದ ರೈಲು ಹತ್ತಿದೆ. ಅಲ್ಲಿಂದ ಗನ್ನವರಂಗೆ ಬಸ್ಸು.

ಡಾಕ್ಟರು ಮೆಲುಮಾತಿನ ಮುದುಕರು. ರಕ್ತ ತೆಗೆದು, ಹೊರದೇಶದಿಂದ ತರಿಸಿಟ್ಟಿದ್ದ ಪುಟ್ಟ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಚುಕ್ಕೆ ಮೂಡಿತು. ಲ್ಯುಕೇಮಿಯಾ ಎಂದರು. ಬೆಕ್ಕಿನಿಂದ ಬೆಕ್ಕಿಗೆ ಹೋಗುವ ವೈರಸ್, ಮನುಷ್ಯರಿಗೆ ಅಂಟುವುದಿಲ್ಲ, ವಾಸಿ ಮಾಡುವ ಮದ್ದಿಲ್ಲ. ಹೆಚ್ಚಾಗಿ ಎಂಜಲಿನಿಂದ ಹರಡುತ್ತದೆ ಎಂದು ವಿವರಿಸಿ, ಬೇರೆ ಬೆಕ್ಕಿನ ಜತೆ ಇತ್ತೇ ಎಂದು ಕೇಳಿದರು. ಬಂದರಿನ ಕ್ವಾರ್ಟರ್ಸ್‌ನಲ್ಲಿ ಮೇಲಿನ ಮನೆಯ ಬಿಳಿ ಬೆಕ್ಕು ಕೆಲವು ದಿನ ನಮ್ಮಲ್ಲಿತ್ತು ಎಂದೆ.

“ಆ ತೆಲ್ಲ ಪಿಲ್ಲೀನಾ ಅಮ್ಮಾ?” ಎಂದು ಅವರು ತಲೆಯೆತ್ತಿದರು. ಆ ಬಿಳಿ ಬೆಕ್ಕಾ ಎಂದು ಕೇಳಿದ್ದು. ಅದು ಅವರಿಗೆ ಗೊತ್ತಿತ್ತು. ಆ ಬೇಸಿಗೆಯ ಮದುವೆಗೆ ಮುಂಚಿನ ಸಂಕ್ರಾಂತಿಗೆ ಆಕೆ ಅತ್ತೆಮನೆಗೆ ಬಂದಾಗ ಇದೇ ಮೇಜಿನ ಮೇಲೆ ಅದನ್ನು ಪರೀಕ್ಷಿಸಿ, ಇದೇ ಕಾಯಿಲೆ ಎಂದು ತಿಳಿಸಿ, ಬೇರೆ ಬೆಕ್ಕುಗಳ ಹತ್ತಿರ ಬಿಡಬೇಡಿ ಎಂದಿದ್ದರಂತೆ. ನಾದಿನಿಯ ಮನೆಯಲ್ಲಿ ಬೆಕ್ಕುಗಳಿವೆ, ಹಾಗಾದರೆ ಮದುವೆಗೆ ಬರುವಾಗ ಇದನ್ನು ವಿಶಾಖಪಟ್ಟಣದಲ್ಲೇ ಬಿಟ್ಟು ಬರುತ್ತೇನೆ ಎಂದಿದ್ದರಂತೆ ಆಕೆ. ಬೆಕ್ಕಿಲ್ಲದ ಮನೆಯಲ್ಲಿ ಬಿಡಿ ಎಂದು ಒತ್ತಿ ಹೇಳಿದ್ದೆನಲ್ಲಮ್ಮಾ ಎಂದರು ಡಾಕ್ಟರು.

ನಾದಿನಿಯ ಬೆಕ್ಕುಗಳನ್ನು ಉಳಿಸಿಕೊಳ್ಳಲು ನನ್ನದನ್ನು ಬಲಿ ಕೊಟ್ಟಿದ್ದರು. ಗೊತ್ತಿದ್ದೇ ಕೊಟ್ಟಿದ್ದರು. ವಾಪಸು ಬರುವಾಗ ರೈಲು ಗೋದಾವರಿ ಸೇತುವೆಯ ಮೇಲೆ ಬಂತು. ಎಲ್ಲರೂ ನದಿಗೆ ನಾಣ್ಯ ಎಸೆದು ಕೈ ಮುಗಿದರು. ನಾನೂ ಎಸೆದೆ. ನಾನು ಬೇಡಿಕೊಂಡದ್ದು ಬೆಕ್ಕಿನ ಆಯಸ್ಸನ್ನಲ್ಲ.

ಮನೆಗೆ ಬಂದು ಹೇಳಿದಾಗ ಗಂಡ, “ಹೋಗ್ಲಿ ಬಿಡ, ಮಂದಿ ಹಂಗ ಇರ್ತಾರ. ನಾಳೆ ಮತ್ತ ಅವರ ಮುಖಾನ ನೋಡಬೇಕು,” ಎಂದರು. ನಾನು ಬಿಡಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಕೇಳಿದರೆ ಆಕೆ ಗೊತ್ತೇ ಇರಲಿಲ್ಲವೆಂದು ಅಳುತ್ತಿದ್ದರು. ಅಳುವವರ ಮುಂದೆ ನನ್ನ ಬಾಯಿ ಕಟ್ಟುತ್ತದೆ. ಹಾಗಾಗಿ ನಗುತ್ತಲೇ ಪಾತ್ರೆ ಕೊಟ್ಟೆ, ನಗುತ್ತಲೇ ತೆಗೆದುಕೊಂಡೆ.

ಅವರ ಬೆಕ್ಕಿಗಿಂತ ನನ್ನದು ಹೆಚ್ಚು ಬದುಕಬೇಕು ಎಂಬ ಹಟ ಹಿಡಿಯಿತು. ಕಿಟಕಿಗಳಿಗೆಲ್ಲ ಜಾಲರಿ ಹೊಡೆಸಿ ಬೆಕ್ಕನ್ನು ಒಳಗೇ ಇಟ್ಟೆ, ಅದರಿಂದ ಇನ್ನೊಂದಕ್ಕೆ ಅಂಟಬಾರದು, ಹೊರಗಿನ ಕಾಯಿಲೆ ಅದಕ್ಕೂ ಬರಬಾರದು ಎಂದು. ಮೀನಿನ ಮುಳ್ಳು ಬಿಡಿಸಿ, ಅರೆದು, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಮೂಲೆಗೆ ಬಿಡುತ್ತಿದ್ದೆ. ಹುಣ್ಣಿಗೆ ಔಷಧ ಹಚ್ಚಿದರೆ ಕೈ ಪರಚುತ್ತಿತ್ತು. ಅದು ನೀರನ್ನೂ ಕುಡಿಯದ ದಿನ ಗಂಡ ಹಿಡಿದುಕೊಂಡರೆ ನಾನು ಬೆನ್ನಿನ ಚರ್ಮ ಎತ್ತಿ ಅದರ ಕೆಳಗೆ ಸೂಜಿಯಲ್ಲಿ ಸಲೈನ್ ಕೊಡುತ್ತಿದ್ದೆ. ಪ್ರೀತಿಯಿಂದ ಎಷ್ಟು ಮಾಡಿದೆನೋ ಗೊತ್ತಿಲ್ಲ, ದ್ವೇಷದಿಂದ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಕ್ಕು ಚೇತರಿಸಿಕೊಂಡು ಮತ್ತೆ ಕಿಟಕಿಯಲ್ಲಿ ಕೂರುವಂತಾಯಿತು. ಅದೀಗ ಮನೆಯಿಂದ ಹೊರಗೇ ಬರುವುದಿಲ್ಲವೆಂದು ಮೇಲಿನವರು ಕಂಡಿದ್ದರು. ಏನಾಯಿತು ಎಂದು ಒಂದು ದಿನವೂ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಅವರ ಮನೆಗೆ ಹೊಸ ಮರಿ ಬಂತು, ಅದೂ ಬಿಳಿಯದೇ. ಆಕೆ ಬಾಗಿಲಲ್ಲೇ ನಿಂತು, “ನಮ್ಮ ಬಟ್ಲು ನಿಮ್ಮಲ್ಲೇ ಉಳಿದುಬಿಟ್ಟಿದೆ ಅಲ್ವಾ? ಅತ್ತೆ ಹೆಸರಿರೋದು, ಕೇಳ್ತಿರ್ತಾರೆ,” ಎಂದರು. ತಂದುಕೊಡುತ್ತೇನೆ ಎಂದೆ.

ಖಾಲಿ ಕೊಡುವ ಹಾಗಿಲ್ಲವಲ್ಲ. ಬಟ್ಟಲಿಗೆ ಮೀನು ಹಾಕಿ ನನ್ನ ಬೆಕ್ಕಿನ ಮುಂದಿಟ್ಟೆ. ಅರ್ಧ ತಿಂದು ಬಿಟ್ಟಿತು. ಉಳಿದದ್ದನ್ನು ಹಾಗೇ ಮೇಲೆ ಒಯ್ದರೆ ಆಗಿಹೋಗುತ್ತಿತ್ತು. ಬಟ್ಟಲು ಹಿಡಿದು ಎದ್ದೆ ಕೂಡ. ಬೆಕ್ಕು ಬಾಯಿ ನೆಕ್ಕಿಕೊಳ್ಳಲು ಹೋಗಿ, ಹುಣ್ಣು ತಾಗಿ, ತಲೆ ಕೊಡವಿತು. ಆ ನೋವನ್ನು ಒಂದು ಮರಿಗೆ ಕೊಟ್ಟು ನಾನು ಪಡೆಯುವುದೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆಕೆ. ಎಂಜಲನ್ನು ಚೆಲ್ಲಿದೆ. ಬಟ್ಟಲನ್ನು ತಿಕ್ಕಿ, ನೀರಿನಲ್ಲಿ ಕುದಿಸಿದೆ. ಬೇರೆ ಮೀನು ಹಾಕಿ, ತಿಂದು ಬಿಟ್ಟಂತೆ ಕಾಣಲೆಂದು ಬೆರಳಿನಿಂದ ಒಂದು ಬದಿಯನ್ನು ಕೆದರಿದೆ.

ಮೇಲೆ ಹೋಗಿ ಅವರ ಪಡಸಾಲೆಯ ನಡುವೆ ಇಟ್ಟೆ. ಮರಿ ವಾಸನೆಗೆ ಬಾಲವೆತ್ತಿಕೊಂಡು ಓಡಿ ಬಂತು.

“ನಮ್ಮ ಬೆಕ್ಕು ಅರ್ಧಾ ತಿಂದು ಬಿಟ್ಟೇದರಿ. ಚೆಲ್ಲೂದು ಯಾಕ, ಮರಿ ತಿನ್ನಲಿ ಅಂತ ತಂದೆ,” ಎಂದೆ.

ಆಕೆ ಸೋಫಾದಿಂದ ಹಾರಿ ಬಂದರು. ಮರಿಯನ್ನು ಬಾಚಿ ಎತ್ತಿಕೊಂಡು, ಬಟ್ಟಲನ್ನು ಕಾಲಿನಿಂದ ಒದ್ದರು. ಅತ್ತೆಯ ಹೆಸರು ಗೋಡೆಯವರೆಗೂ ಉರುಳಿತು, ಮೀನು ನೆಲದ ತುಂಬ ಚೆಲ್ಲಿತು.

“ಯಾಕ್ರಿ? ನಿಮ್ಮ ಬೆಕ್ಕು ಹೊರಗ ಏನೋ ತಿಂದು ಸತ್ತಿತ್ತಲ್ರಿ?” ಎಂದೆ.

ಅವರ ಮುಖ ಬಿಳಿಚಿತು. ಗನ್ನವರಂ ಡಾಕ್ಟರು ನಿಮ್ಮನ್ನು ವಿಚಾರಿಸಿದರು ಎಂದು ಹೇಳಿ ನಾನು ಮೆಟ್ಟಿಲಿಳಿದೆ. ಅಂದಿನಿಂದ ಪಾತ್ರೆಗಳ ಓಡಾಟ ನಿಂತಿತು.

ನನ್ನ ಬೆಕ್ಕು ಮುಂದಿನ ಬೇಸಿಗೆಯ ಶುರುವಿನಲ್ಲಿ ನನ್ನ ತೊಡೆಯ ಮೇಲೆ ಸತ್ತಿತು. ಅವರದಕ್ಕಿಂತ ಹೆಚ್ಚು ಬದುಕಿತ್ತು, ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ. ಹಿತ್ತಲಿನ ಸೀಬೆಗಿಡದ ಬುಡದಲ್ಲಿ ಹೂಳಿದೆವು. ಅಂದು ಗಂಡನೇ ಅಡುಗೆ ಮಾಡಿದರು.

ಆಮೇಲೆ ಒಂದು ಮಧ್ಯಾಹ್ನ ಆಕೆ ಮರಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದರು. ಹೊಸ್ತಿಲು ದಾಟಲಿಲ್ಲ. ಕಣ್ಣ ಸುತ್ತ ಕಪ್ಪಾಗಿತ್ತು. ದಿನವೂ ಅದರ ಬಾಯಿ ತೆರೆದು ನೋಡುತ್ತಾರೆಂದು ಅವರ ಮನೆಯ ಕೆಲಸದಾಕೆ ಹೇಳಿದ್ದಳು.

“ಇದು ಸಣ್ಣಗಾಗ್ತಾ ಇದೆ ರೀ. ಅವತ್ತು ಒಂಚೂರು ತಿಂದುಬಿಟ್ಟಿತ್ತೇನೋ. ನಿಜ ಹೇಳಿ, ಅದು ನಿಮ್ಮ ಬೆಕ್ಕಿನ ಎಂಜಲೇನಾ?”

ನಾನು ಮರಿಯ ತುಟಿ ಎತ್ತಿ ನೋಡಿದೆ. ವಸಡು ನಸುಗೆಂಪಗೆ, ಆರೋಗ್ಯವಾಗಿತ್ತು. ಆ ಬಟ್ಟಲು ಕುದಿಸಿದ್ದು ಎಂದು ಹೇಳಿದ್ದರೆ ಆಕೆ ಅಂದು ನೆಮ್ಮದಿಯಾಗಿ ಮಲಗುತ್ತಿದ್ದರು.

“ಏನೂ ಇಲ್ರಿ, ಬಿಸಿಲಿಗೆ ಹಂಗಾಗೇದ,” ಎಂದೆ.

ಅದು ನಿಜವೇ ಆಗಿತ್ತು. ಅವರು ನಂಬಲಿಲ್ಲ. ನಂಬಲಿ ಎಂದು ನಾನೂ ಹೇಳಿರಲಿಲ್ಲ.